ಕದಲದ ಕಳಸ

ಅನುಸೂಯಾ ಮಗಳ ಒಂದು ಜಡೆ ಹೆಣೆದು ಮುಗಿಸಿದ್ದಳು. ಇನ್ನೊಂದು ಬದಿಯ ಕೂದಲು ಸಿಕ್ಕುಗಟ್ಟಿ ಬಾಚಣಿಗೆಗೆ ಒಗ್ಗುತ್ತಿರಲಿಲ್ಲ. ನೀತಾ ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೋವು ತಾಳಿ ಕೂತಿದ್ದಳು. ಅಷ್ಟರಲ್ಲಿ ಹೊರಗೆ ಗದ್ದಲವೆದ್ದಿತು. ನೀರಿನ ಟಾಕಿ ಖಾಲಿಯಾಗಿದೆಯಂತೆ. ಯಾರೋ ರಾತ್ರಿ ಪೈಪು ಕೊಯ್ದಿದ್ದಾರಂತೆ.

ಅನುಸೂಯಾ ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡೇ ಓಡಿದಳು. ಅರ್ಧ ಜಡೆಯ ನೀತಾ ಹಿಂದೆಯೇ ಬಂದಳು.

ಪುಣೆಯ ವಿಮಾನ ನಗರದ ಗಾಜಿನ ಆಫೀಸುಗಳ ಬೆನ್ನಿಗೆ ಒಂದು ಉದ್ದನೆಯ ಕಾಂಪೌಂಡ್ ಗೋಡೆ. ಗೋಡೆಗೆ ಆತುಕೊಂಡು ತಗಡಿನ ಮನೆಗಳ ವಸ್ತಿ. ಯಾದಗಿರಿ, ಕಲಬುರಗಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವರೇ ಇಲ್ಲಿ ಹೆಚ್ಚು. ಆ ಗಾಜಿನ ಕಟ್ಟಡಗಳನ್ನು ಕಟ್ಟಿದವರೂ ಅವರೇ.

ವಸ್ತಿಯ ನಡುವೆ ಕಬ್ಬಿಣದ ಕಾಲುಗಳ ಮೇಲೆ ಕರಿ ಟಾಕಿ ನಿಂತಿತ್ತು. ಅದರ ಹಿಂಬದಿಯಿಂದ ಒಂದು ಪ್ಲಾಸ್ಟಿಕ್ ಪೈಪು ನೆಟ್ಟಗೆ ಇಳಿದು, ಆಳೆತ್ತರದಿಂದ ಕೆಳಗೆ ಸಿಮೆಂಟಿನಲ್ಲಿ ಹುದುಗಿ, ಕಲ್ಲಿನ ಕಟ್ಟೆಯ ಮೇಲೆ ಹಾದು, ಮುಂದಿನ ನಾಲ್ಕು ನಳಗಳಿಗೆ ಸೇರುತ್ತಿತ್ತು. ನಳಗಳ ಸುತ್ತ ಜಾಳಿಗೆಯ ಪಂಜರ. ಪಂಜರಕ್ಕೆ ಬೀಗ. ಬೀಗದ ಕೈ ಇರುವುದು ಮಧುಕರ್ ಹತ್ತಿರ.

ಮಧುಕರ್ ಇಲ್ಲಿಯ ಒಂದು ಪಕ್ಷದ ಶಾಖಾ ಪ್ರಮುಖ. ಅಕ್ಕಲಕೋಟೆಯ ತಾಯಿಯ ಮಗ, ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಕನ್ನಡ, ಮರಾಠಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಟಾಕಿಗಾಗಿ ಅವನು ವಾರ್ಡ್ ಆಫೀಸಿನ ಬಾಗಿಲಲ್ಲಿ ಧರಣಿ ಕೂತದ್ದು ಸುಳ್ಳಲ್ಲ. ಲಾಠಿ ಏಟು ತಿಂದದ್ದೂ ಸುಳ್ಳಲ್ಲ. ಬೋರಿನ ಮೋಟಾರು ಹಚ್ಚಿ ರಾತ್ರಿ ಟಾಕಿ ತುಂಬಿಸುವವನು ಅವನೇ, ಬೆಳಿಗ್ಗೆ ಪಂಜರ ತೆರೆದು ನೀರು ಬಿಡಿಸುವವನೂ ಅವನೇ.

ಈಗ ಅವನ ಮುಖ ಕಪ್ಪಿಟ್ಟಿತ್ತು. ಪೈಪು ತುಂಡಾದದ್ದು ಮೇಲೆ, ಟಾಕಿಯ ಹೊಟ್ಟೆಯ ಕೆಳಗೇ. ಕಬ್ಬಿಣದ ಕಾಲು ಹಿಡಿದು ಹತ್ತದೆ ಅಲ್ಲಿಗೆ ಕೈ ಹೋಗುವುದಿಲ್ಲ. ಹಿಂಬದಿಯ ನೆಲವೆಲ್ಲ ಕೆಸರಾಗಿತ್ತು. ಕೊಯ್ದ ಪೈಪಿನ ಮೇಲಿನ ತುದಿಗೆ ಎದುರು ಪಕ್ಷದ ಹಳದಿ ಶಲ್ಯವೊಂದು ಸುತ್ತಿಕೊಂಡು ತೊಟ್ಟಿಕ್ಕುತ್ತಿತ್ತು.

ನಾಳೆ ಪ್ರಚಾರಕ್ಕೆ ಮಧುಕರನ ಪಕ್ಷದ ದೊಡ್ಡ ಸಾಹೇಬರು ಬರುವವರಿದ್ದರು. ಮಹಾನಗರಪಾಲಿಕೆಯ ಚುನಾವಣೆ ಬಾಗಿಲಿಗೆ ಬಂದಿತ್ತು. ಇದೇ ಟಾಕಿಯ ಮುಂದೆ ಭಾಷಣವಾಗಬೇಕಿತ್ತು.

"ಇದು ಕಳವಲ್ಲ. ರಾಜಕಾರಣ ಅದ," ಎಂದ ಮಧುಕರ್. ಅವನ ಕಣ್ಣು ಗುಂಪಿನ ಮೇಲೆ ಹಾಯ್ದು ಒಂದು ಕಡೆ ನಿಂತಿತು. "ನಿನ್ನೆ ಸಂಜೀಕ ಇಲ್ಲೇ ನಿಂತು ಏನಂದಿ ಮಾಂತು? ಈ ಕೀಲಿಗೆ ಒಂದು ಗತಿ ಕಾಣಸ್ತೀನಿ ಅಂದಿಲ್ಲೇನು?"

ಮಾಂತು ಅನುಸೂಯಾಳ ತಮ್ಮ. ಅಕ್ಕನ ಮನೆಯಲ್ಲೇ ಇರುತ್ತಾನೆ.

"ಅಂದೀನ್ರಿ," ಎಂದ ಅವನು, ಪಂಜರದ ಬೀಗದ ಕಡೆ ಕೈ ತೋರಿಸಿ. "ಆದ್ರ ನಿಮ್ಮ ಕೀಲಿ ಹಂಗ ಅದ ನೋಡ್ರಿ. ಮೈಗೆ ಒಂದು ಗೀರೂ ಆಗಿಲ್ಲ."

ಯಾರೋ ಕಿಸಕ್ಕೆಂದರು. ಮಧುಕರ್ ನಗಲಿಲ್ಲ. ಸಂಜೆ ಶಾಖೆಯ ಮುಂದೆ ಸಭೆ, ಚೌಕಿಯಿಂದ ಹವಾಲ್ದಾರರೂ ಬರುತ್ತಾರೆ ಎಂದು ಹೇಳಿದ. ಅಷ್ಟರೊಳಗೆ ಮಾಡಿದವನು ತಾನಾಗಿ ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ದೂರಿನಲ್ಲಿ ಮಾಂತುವಿನ ಹೆಸರು ಹೋಗುತ್ತದೆ. ಅಲ್ಲಿಯವರೆಗೆ ಪೈಪು ಜೋಡಿಸುವ ಮಾತಿಲ್ಲ.

ನೀತಾ ಅಮ್ಮನ ಸೆರಗು ಜಗ್ಗಿದಳು. ಅವಳಿಗೆ ಏನೋ ಕೇಳಬೇಕಿತ್ತು. ಈಗ ಬ್ಯಾಡ ಎಂದು ಅನುಸೂಯಾ ಅವಳ ತಲೆ ಸವರಿದಳು.

* * *

ಮಾಂತುವಿಗೆ ಒಂದು ಆಫೀಸಿನಲ್ಲಿ ಸೆಕ್ಯುರಿಟಿ ಕೆಲಸ ಸಿಗುವುದರಲ್ಲಿತ್ತು. ಉಳಿದದ್ದು ಪೊಲೀಸ್ ವೆರಿಫಿಕೇಶನ್ ಒಂದೇ. ಚೌಕಿಯಲ್ಲಿ ಒಮ್ಮೆ ಹೆಸರು ಬಿದ್ದರೆ ಆ ಕೆಲಸ ಹೋದಂತೆಯೇ. ಈ ಒಂದು ಆಫೀಸಷ್ಟೇ ಅಲ್ಲ, ಯಾವ ಗೇಟಿನಲ್ಲೂ ಅವನನ್ನು ನಿಲ್ಲಿಸಿಕೊಳ್ಳುವುದಿಲ್ಲ.

ಅನುಸೂಯಾ ಅವನನ್ನು ಒಲೆಯ ಮುಂದೆ ಕೂಡಿಸಿಕೊಂಡು ಕೇಳಿದಳು. ಗದರಲಿಲ್ಲ. ರಾತ್ರಿ ಎದ್ದು ಹೊರಗೆ ಹೋಗಿದ್ದೆಯಾ ಎಂದಳು. ಇಲ್ಲವೆಂದ. ಶಲ್ಯ ನಿನ್ನದಾ ಎಂದಳು. ಎರಡೂ ಪಕ್ಷದವರು ಮನೆಮನೆಗೆ ಶಲ್ಯ ಹಂಚಿದ್ದಾರೆ, ನಮ್ಮದು ಒಲೆ ಒರೆಸುತ್ತಿದೆಯಲ್ಲ, ಎಂದು ಅವನು ತೋರಿಸಿದ. ಹಳದಿ ಶಲ್ಯ ಮಸಿ ಹಿಡಿದು ಅಲ್ಲೇ ಬಿದ್ದಿತ್ತು.

"ನೀ ಆದ್ರೂ ನಂಬ್ತಿ ಇಲ್ಲೋ ಅಕ್ಕಾ?"

ಅವಳು ಕೂಡಲೇ ಹೌದೆನ್ನಲಿಲ್ಲ. ಅದೇ ಅವಳಿಗೆ ಚುಚ್ಚಿತು. ಬೆಳಿಗ್ಗೆಯಿಂದ ವಸ್ತಿಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡುವ ರೀತಿಯೇ ಬೇರೆಯಾಗಿತ್ತು. ಆ ನೋಟ ತನ್ನ ಮನೆಯೊಳಗೂ ಬಂತಲ್ಲ ಎಂದು ಅವಳಿಗೆ ಅಂಜಿಕೆಯಾಯಿತು.

ಎರಡು ಫ್ಲ್ಯಾಟುಗಳ ಅಡುಗೆ ಕೆಲಸಕ್ಕೆ ಇವತ್ತು ಬರುವುದಿಲ್ಲವೆಂದು ಫೋನು ಮಾಡಿದಳು. ಮತ್ತೆ ಟಾಕಿಯ ಹತ್ತಿರ ಹೋದಳು.

ಗುಂಪು ಕರಗಿತ್ತು. ಅವಳು ಕಟ್ಟೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಪ್ರತಿ ಶುಕ್ರವಾರ ಹೆಂಗಸರು ಸೇರಿ ಈ ಕಟ್ಟೆಯ ಮೂಲೆಯಲ್ಲಿ ಗಂಗವ್ವನಿಗೆ ಕಳಸ ಇಡುತ್ತಾರೆ. ತಾಮ್ರದ ಚೊಂಬು, ಐದು ಎಲೆ, ತೆಂಗಿನಕಾಯಿ. ನಿನ್ನೆಯೂ ಇಟ್ಟಿದ್ದರು. ಇವತ್ತು ಅದು ಇಟ್ಟಲ್ಲೇ ಇತ್ತು. ಕುಂಕುಮ ಕೆಡದೆ, ಸುತ್ತಲಿನ ರಂಗೋಲಿಯ ಒಂದು ಎಳೆ ಅಳಿಸದೆ.

ಕಳಸಕ್ಕೆ ತಾಗಿ, ಪಂಜರದ ಹೊರಗೆ, ಪೈಪಿಗೆ ಒಂದು ಬಿರಡೆ. ಟಾಕಿ ತೊಳೆದ ನೀರು ಹೊರಹೋಗಲು ಬಿಟ್ಟದ್ದು. ಕೈಯಿಂದ ತಿರುಗಿಸಿದರೆ ಸಾಕು, ಬಿಚ್ಚುತ್ತದೆ. ನೀರು ಬೇಕಾದವನಿಗೂ ಇದು ಸಾಕು, ಟಾಕಿ ಬರಿದು ಮಾಡಬೇಕಾದವನಿಗೂ ಇದು ಸಾಕು.

ಮತ್ತೆ ಗರಗಸ ಹಿಡಿದು ಅಷ್ಟು ಮೇಲೆ ಹತ್ತಿದ್ದು ಯಾಕೆ?

ಅವಳು ಹಿಂದೆ ಹೋಗಿ ಶಲ್ಯವನ್ನು ನೋಡಿದಳು. ಹಾರಿಬಂದು ಸಿಕ್ಕಿಕೊಂಡದ್ದಲ್ಲ. ಮಡಿಕೆ ಮೇಲೆ ಮಡಿಕೆ ಹಾಕಿ ಜಗ್ಗಿ ಬಿಗಿದದ್ದು. ಗಂಟು ಹಾಕಿದವನು ಹರಿಯುವ ನೀರನ್ನು ತಡೆಯಲು ಹೆಣಗಿದ್ದ. ನೀರು ಕೇಳಿರಲಿಲ್ಲ.

ಕೆಡಿಸಲು ಬಂದವನು ನಿಲ್ಲಿಸಲು ನೋಡುತ್ತಾನೆಯೇ?

* * *

ಹೊತ್ತೇರುವ ಮೊದಲೇ ರಸ್ತೆಯಲ್ಲಿ ಟ್ಯಾಂಕರ್ ಹಾರ್ನ್ ಕೇಳಿಸಿತು. ಕೃಷ್ಣಾಜಿಯ ಟ್ಯಾಂಕರ್. ಟಾಕಿ ಬರುವ ಮೊದಲು ಇಡೀ ವಸ್ತಿ ಅವನ ನೀರನ್ನೇ ಕೊಂಡು ಕುಡಿಯುತ್ತಿತ್ತು. ಟಾಕಿ ಬಂದ ಮೇಲೆ ಅವನು ಈ ಕಡೆ ತಲೆ ಹಾಕಿರಲಿಲ್ಲ. ಇವತ್ತು, ಸರಿಯಾಗಿ ಇವತ್ತೇ, ಕರೆಯದೆ ಬಂದಿದ್ದ.

ಹೆಂಗಸರು ಕೊಡ ಹಿಡಿದು ಓಡಿದರು. ಓಡುತ್ತಲೇ ಒಬ್ಬರಿಗೊಬ್ಬರು ಕಣ್ಸನ್ನೆ ಮಾಡಿದರು. ಗಂಡಸರು ದೂರ ನಿಂತು ಅವನ ಚಕ್ರದ ಕೆಸರು ನೋಡಿದರು.

ಅನುಸೂಯಾ ನೇರವಾಗಿ ಅವನ ಹತ್ತಿರ ಹೋಗಿ ಮರಾಠಿಯಲ್ಲಿ ಕೇಳಿದಳು. ನೀರಿಲ್ಲವೆಂದು ನಿಮಗೆ ಹೇಗೆ ತಿಳಿಯಿತು? ಕೃಷ್ಣಾಜಿ ಸಿಡುಕಿದ. ರಾತ್ರಿಯೆಲ್ಲ ನಾನು ಕ್ಯಾಂಪ್ ಬಡಾವಣೆಯ ಒಂದು ಮದುವೆ ಮನೆಗೆ ನೀರು ಹೊಡೆಯುತ್ತಿದ್ದೆ, ಬೇಕಾದರೆ ಹೋಗಿ ಕೇಳು ಎಂದ. ಆಮೇಲೆ ಡ್ರೈವರ್ ಕಡೆ ಗದ್ದ ತೋರಿಸಿದ. ತಿಳಿಸಿದ್ದು ಇವನು.

ಡ್ರೈವರ್ ಹೇಳಿದ ಮಾತು ಇಷ್ಟು. ನಿನ್ನೆ ಕತ್ತಲಾದ ಮೇಲೆ ಈ ವಸ್ತಿಯ ಒಬ್ಬ ಹುಡುಗ ಸೈಕಲ್ಲಿಗೆ ಡ್ರಮ್ಮು ಕಟ್ಟಿಕೊಂಡು ನೀರು ತುಂಬುವ ಜಾಗಕ್ಕೆ ಬಂದಿದ್ದ. ಚಳಿಗೆ ಮಫ್ಲರ್ ಸುತ್ತಿದ್ದರಿಂದ ಮುಖ ಕಾಣಲಿಲ್ಲ. ಬಿಡಿ ನೀರು ಕೊಡುವುದಿಲ್ಲ ಎಂದು ಕಳಿಸಿದೆವು. ಹೆಂಡತಿಗೆ ಬೇಕು, ಒಂದೇ ಡ್ರಮ್ಮು ಎಂದು ಕೈ ಮುಗಿದ. ವಸ್ತಿಯಲ್ಲಿ ನೀರಿನ ತೊಂದರೆ ಶುರುವಾಗಿದೆ, ವ್ಯಾಪಾರವಾದೀತು ಎಂದು ಬೆಳಿಗ್ಗೆ ಗಾಡಿ ತಂದೆವು.

ಮಾಂತುವಿಗೆ ಇನ್ನೂ ಮದುವೆಯಾಗಿಲ್ಲ. ಅನುಸೂಯಾ ಮೊದಲ ಸಲ ಎದೆ ತುಂಬ ಉಸಿರೆಳೆದುಕೊಂಡಳು.

ಆದರೆ ಉಸಿರು ಬಿಡುವಾಗ ಬೇರೆ ಭಾರ ಬಂತು. ಮಾಡಿದವನು ಎದುರು ಪಕ್ಷದವನಲ್ಲ. ಹೊರಗಿನವನಲ್ಲ. ನಿನ್ನೆ ರಾತ್ರಿ ನೀರಿಲ್ಲದೆ ಅಲೆದ ನಮ್ಮವನೇ ಒಬ್ಬ.

ಟಾಕಿ ಇದ್ದೂ ನೀರಿಲ್ಲದ ಮನೆ ಯಾವುದು?

* * *

ಆ ಪ್ರಶ್ನೆಗೆ ಉತ್ತರ ಹೆಚ್ಚುಕಡಿಮೆ ಪ್ರತಿ ಮನೆಯ ಬಾಗಿಲಲ್ಲೂ ಇತ್ತು. ಬದನೆಕಾಯಿ ಬಣ್ಣದ ಪ್ಲಾಸ್ಟಿಕ್ ಬಕೆಟ್ಟು.

ಸಂಕ್ರಾಂತಿಯ ಮರುದಿನ ಶಾಖೆಯವರು ಹೆಂಗಸರಿಗೆ ಹಳದಿ-ಕುಂಕುಮ, ಎಂದರೆ ಅರಿಶಿನ-ಕುಂಕುಮದ ಸಮಾರಂಭ, ಇಟ್ಟುಕೊಂಡಿದ್ದರು. ಪುಣೆಯಲ್ಲಿ ಈಗ ಎಲ್ಲ ಪಕ್ಷಗಳೂ ಮಾಡುತ್ತವೆ. ಬಂದವರ ಹಣೆಗೆ ಕುಂಕುಮ, ಕೈಗೆ ಎಳ್ಳುಂಡೆ, ಜೊತೆಗೊಂದು ಉಡುಗೊರೆ. ಈ ಸಲದ ಉಡುಗೊರೆ ಪಕ್ಷದ ಬಣ್ಣದ ಬಕೆಟ್ಟು. ಅಂದಿನಿಂದ ಶಾಖೆಯ ಹುಡುಗರು ಹೊಸ ಪದ್ಧತಿ ತಂದರು. ನಳದ ಮುಂದೆ ಆ ಬಕೆಟ್ಟು ಹಿಡಿದು ಬಂದವರಿಗೆ ಮೊದಲು ನೀರು. ಇಲ್ಲದವರು ಕೊನೆಗೆ. ಕೊನೆಗೆ ನಳದಲ್ಲಿ ಬರೀ ಗಾಳಿ.

ವಿಧವೆಯರನ್ನು ಹಳದಿ-ಕುಂಕುಮಕ್ಕೆ ಯಾರೂ ಕರೆಯುವುದಿಲ್ಲ. ಹಾಗಾಗಿ ಮುದುಕಿ ತಿಪ್ಪವ್ವನ ಮನೆಯಲ್ಲಿ ಬಕೆಟ್ಟಿಲ್ಲ. ನಿನ್ನೆ ಸಂಜೆ ಮಾಂತು ಜಗಳಕ್ಕೆ ನಿಂತದ್ದು ಅದಕ್ಕೇ. ಎಲ್ಲರ ಕಣ್ಣೆದುರು ಕಳಸವನ್ನು ಎರಡು ಕೈಯಲ್ಲಿ ಎತ್ತಿ ಬದಿಗಿಟ್ಟು, ಬಿರಡೆ ಬಿಚ್ಚಿ, ತಳದಲ್ಲಿ ಉಳಿದ ನೀರಿನಿಂದ ತಿಪ್ಪವ್ವನ ಕೊಡ ತುಂಬಿಸಿಕೊಟ್ಟಿದ್ದ. ಮಧುಕರ್ ಕೂಗಾಡಿದ. ಮಾಂತುವೂ ಕೂಗಾಡಿದ. ಕಳಸ ಮುಟ್ಟಿದ್ದಕ್ಕೆ ಹೆಂಗಸರೂ ಅವನನ್ನು ಬೈದರು. ಆಮೇಲೆ ಅನುಸೂಯಾಳೇ ಕಳಸವನ್ನು ಮತ್ತೆ ಕೂಡಿಸಿ ರಂಗೋಲಿ ಎಳೆದಿದ್ದಳು.

ಈಗ ಅವಳು ಓಣಿಯಿಂದ ಓಣಿಗೆ ಸುಮ್ಮನೆ ನಡೆದಳು. ಬಾಗಿಲು, ಬಕೆಟ್ಟು. ಬಾಗಿಲು, ಬಕೆಟ್ಟು. ಗೋಡೆಯ ಕೊನೆಯ ಮನೆಯ ಮುಂದೆ ಬಕೆಟ್ಟಿರಲಿಲ್ಲ, ಅಲ್ಲಿ ಅವಳ ಕಾಲು ನಿಂತಿತು.

ಅದು ರುದ್ರವ್ವನ ಮನೆ. ಸೊಸೆ ಭಾಗ್ಯಾ ಹಡೆದು ಮಲಗಿದ್ದಳು. ಮೈಲಿಗೆ ಕಳೆಯುವವರೆಗೆ ಆ ಮನೆಯವರು ದೇವರನ್ನು ಮುಟ್ಟುವಂತಿಲ್ಲ, ಹಳದಿ-ಕುಂಕುಮಕ್ಕೆ ಹೋಗುವಂತಿಲ್ಲ. ಬೇರೆಯವರೂ ಆ ಹೊಸ್ತಿಲು ದಾಟುವುದಿಲ್ಲ. ದಾಟಿದರೆ ತಲೆಗೆ ಸ್ನಾನ ಮಾಡಬೇಕು. ಇವತ್ತು ಸ್ನಾನಕ್ಕೆ ಎಲ್ಲಿಯ ನೀರು?

ಅನುಸೂಯಾ ಹೊಸ್ತಿಲು ದಾಟಿದಳು.

ಒಳಗೆ ಲೋಬಾನದ ಹೊಗೆ. ಮೂಲೆಯ ಬಚ್ಚಲ ಕಲ್ಲು ಇನ್ನೂ ಹಸಿಯಾಗಿತ್ತು. ಭಾಗ್ಯಾಳ ಒದ್ದೆ ಕೂದಲಿಗೆ ಬಟ್ಟೆ ಸುತ್ತಿತ್ತು. ಕೂಸು ಮುಷ್ಟಿ ಬಿಚ್ಚಿ ನಿದ್ದೆ ಹೋಗಿತ್ತು. ಕಾಸಿದ ನೀರು ಎರೆಸಿಕೊಂಡ ಕೂಸಷ್ಟೇ ಹಾಗೆ ಮಲಗುತ್ತದೆ.

ರುದ್ರವ್ವ ಗಾಬರಿಯಿಂದ ಎದ್ದುನಿಂತಳು. ಅನುಸೂಯಾ ಕೂಸಿನ ಅಂಗಾಲು ಮುಟ್ಟಿ ನೋಡಿದಳು.

"ಬಾಣಂತಿಗೆ ಎರಿಯೋ ನೀರಿಲ್ಲದ ಮನಿ ಯಾವುದರ ಅದ ಏನವ್ವ?" ಎಂದಳು ರುದ್ರವ್ವ, ಗೋಡೆಯ ಕಡೆ ಮುಖ ಮಾಡಿ. "ಹಾಲು ಕಟ್ಟಿ ಮೈ ಸುಡತಿತ್ತು ಹುಡುಗಿಗೆ. ನಿಮ್ಮ ಮನಿಗೆ ಬರಬೇಕಂದೆ. ಮೈಲಿಗಿ ಕಾಲಲೆ ಹೆಂಗ ಬರಲಿ?"

ಅನುಸೂಯಾಳ ಮನೆ ಅಲ್ಲಿಂದ ನಾಲ್ಕು ಬಾಗಿಲಾಚೆ. ಅವಳೂ ಬಂದು ಕೇಳಿರಲಿಲ್ಲ.

ಮಗ ಎಲ್ಲಿ ಎಂದಳು. ಮಹೇಶಕುಮಾರ ಶಾಖೆಯಲ್ಲಿ ನಾಳೆಗೆ ಬಾವುಟ ಕಟ್ಟುತ್ತಿದ್ದಾನೆ ಎಂದಳು ರುದ್ರವ್ವ. ವಸ್ತಿಯಲ್ಲಿ ಪಕ್ಷದ ಘೋಷಣೆಯನ್ನು ಎಲ್ಲರಿಗಿಂತ ಜೋರಾಗಿ ಕೂಗುವವನು ಅವನೇ. ಮಧುಕರನ ಬಲಗೈ.

"ಸಂಜೀಕ ಸಭಾಕ್ಕ ಅವನ್ನ ಮುಂದ ಕೂಡಸ್ರಿ," ಎಂದಳು ಅನುಸೂಯಾ. "ನಾ ಹೆಸರು ತಗಿಯಂಗಿಲ್ಲ. ಆದ್ರ ನನ್ನ ತಮ್ಮನ್ನ ಬಿಟ್ಟುಕೊಡಂಗೂ ಇಲ್ಲ."

* * *

ಸಂಜೆ ಶಾಖೆಯ ಮುಂದಿನ ತಾಡಪತ್ರಿಯ ಮೇಲೆ ವಸ್ತಿಯೆಲ್ಲ ಕೂತಿತ್ತು. ಹವಾಲ್ದಾರರಿಗೆ ಕುರ್ಚಿ, ಚಹಾ. ಮಧುಕರ್ ಶಲ್ಯವನ್ನು ಎತ್ತಿ ತೋರಿಸಿದ. ಎದುರು ಪಕ್ಷದ ಹಣ ತಿಂದು ಮಾಂತು ಮಾಡಿದ್ದಾನೆ ಎಂದ.

ಅನುಸೂಯಾ ಎದ್ದುನಿಂತಳು. ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವ ಹಾಗೆ, ನಿಧಾನವಾಗಿ ಹೇಳುತ್ತ ಹೋದಳು.

ಶಲ್ಯ ನೀರು ನಿಲ್ಲಿಸಲು ಕಟ್ಟಿದ್ದು. ಎಂದರೆ ಬಂದವನಿಗೆ ನೀರು ಬೇಕಿತ್ತು, ಟಾಕಿ ಬರಿದು ಮಾಡುವುದು ಬೇಕಿರಲಿಲ್ಲ. ತನಗೆ ಬೇಕಾದಷ್ಟು ತುಂಬಿಕೊಂಡ. ಉಳಿದದ್ದನ್ನು ತಡೆಯಲು ನೋಡಿದ, ಆಗಲಿಲ್ಲ. ಹೆಂಡತಿಗಾಗಿ ಒಂದು ಡ್ರಮ್ಮು ನೀರು ಕೊಡಿ ಎಂದು ಅದಕ್ಕೂ ಮೊದಲು ಟ್ಯಾಂಕರಿನವರ ಮುಂದೆ ಕೈ ಮುಗಿದಿದ್ದ. ಮಾಂತುವಿಗೆ ಹೆಂಡತಿಯಿಲ್ಲ.

"ಹೆಂಡ್ತಿ ಇದ್ದವರು ವಸ್ತ್ಯಾಗ ಭಾಳ ಮಂದಿ ಇದ್ದಾರ," ಎಂದ ಮಧುಕರ್.

ಅದಕ್ಕೇ ಕಳಸವನ್ನು ನೋಡಬೇಕು, ಎಂದಳು ಅವಳು. ಬಿರಡೆ ಕೈಗೆ ಸಿಗುವಲ್ಲೇ ಇತ್ತು. ಕಳಸ ಎತ್ತಿಟ್ಟರೆ ಸಾಕಿತ್ತು. ಹೊರಗಿನವನಾಗಿದ್ದರೆ ಕಾಲಲ್ಲಿ ಸರಿಸುತ್ತಿದ್ದ. ನಮ್ಮವನಾಗಿದ್ದರೆ ಕೈ ಮುಗಿದು ಎತ್ತಿಡುತ್ತಿದ್ದ. ಮಾಂತು ನಿನ್ನೆ ನಿಮ್ಮೆಲ್ಲರ ಮುಂದೆ ಎತ್ತಿಟ್ಟಿದ್ದಾನೆ, ಅವನಿಗೆ ಆ ಅಂಜಿಕೆಯೇ ಇಲ್ಲ. ಆದರೆ ರಾತ್ರಿ ಬಂದವನು ಕಳಸದ ಹತ್ತಿರವೂ ಸುಳಿಯಲಿಲ್ಲ. ರಂಗೋಲಿ ತುಳಿಯಲಿಲ್ಲ. ಹಿಂದಿನಿಂದ ಹೋಗಿ, ಕತ್ತಲಲ್ಲಿ ಕಬ್ಬಿಣ ಹತ್ತಿ, ಗರಗಸ ಆಡಿಸಿದ. ಬಿದ್ದಿದ್ದರೆ ಸೊಂಟ ಮುರಿಯುತ್ತಿತ್ತು. ಅದಕ್ಕೂ ತಯಾರಿದ್ದ, ಕಳಸ ಮುಟ್ಟಲು ತಯಾರಿರಲಿಲ್ಲ.

ಹೆಂಗಸರ ನಡುವೆ ಸಣ್ಣ ಗುಸುಗುಸು ಎದ್ದಿತು. ಅವರಿಗೆ ಆಗಲೇ ಅರ್ಥವಾಗಿತ್ತು.

"ದೇವರನ್ನ ಮುಟ್ಟಬಾರದವರು ಯಾರ್ರಿ?" ಎಂದಳು ಅನುಸೂಯಾ. "ಮುಟ್ಟಾದ ಹೆಂಗಸು. ಆದ್ರ ಆಕಿ ಮನ್ಯಾಗ ಉಳಿದವರು ಮುಟ್ಟಬಹುದು, ಗಂಡ ಬಂದು ಎತ್ತಿಡಬಹುದು. ಇಡೀ ಮನಿಗೇ ಕೈ ಕಟ್ಟೋದು ಸಾವಿನ ಸೂತಕ, ಇಲ್ಲಾ ಹಡದ ಮೈಲಿಗಿ. ಈ ತಿಂಗಳು ನಮ್ಮಲ್ಲಿ ಯಾರೂ ಸತ್ತಿಲ್ಲ."

ಅಷ್ಟು ಹೇಳಿ ಅವಳು ಕೂತಳು. ಹೆಸರು ಹೇಳಲಿಲ್ಲ. ಯಾರೂ ಮುಂದಿನ ಸಾಲಿನ ಕಡೆ ನೋಡಲಿಲ್ಲ. ನೋಡದಿರುವುದು ನೋಡುವುದಕ್ಕಿಂತ ಭಾರವಾಗಿತ್ತು.

ಮಹೇಶಕುಮಾರ ಎದ್ದ. ಅವನ ಕೊರಳಲ್ಲಿ ಪಕ್ಷದ ಬದನೆ ಬಣ್ಣದ ಶಲ್ಯವಿತ್ತು.

"ನಾನ ಕೊಯ್ದೀನಿ," ಎಂದ. "ಮಧುಕರ್‌ಭಾವು, ನಿಮ್ಮನ್ನ ಎರಡು ಸಲ ಕೇಳಿದ್ನಿ. ಬಕೆಟ್ ಇಲ್ಲದವರಿಗೆ ಕೊನೀಗೆ ಅಂದ್ರಿ. ನಮ್ಮ ಕಾರ್ಯಕರ್ತಾನೇ ನಿಯಮ ಮುರದ್ರ ಹೆಂಗ ಅಂದ್ರಿ. ಮುಂಜಾನೆ ಮಾಂತೂನ ಹೆಸರು ಬಂದಾಗ ಬಾಯಿ ತಗೀಬೇಕಿತ್ತು. ಕೂಸಿನ ನೆನಪಾಗಿ ಬಾಯಿ ಕಟ್ಟಿತು."

ಮಾಂತು ಅವನನ್ನು ದಿಟ್ಟಿಸಿದ. ಎಲ್ಲರೂ ಹೊಡೆದಾಟವಾಗುತ್ತದೆಂದುಕೊಂಡರು.

"ನನಗೊಂದು ಮಾತು ಹೇಳಿದ್ರ ಬಿರಡಿ ಬಿಚ್ಚಿ ಕೊಡತಿದ್ನಲ್ಲೋ ಹುಚ್ಚಾ," ಎಂದ ಮಾಂತು. "ನನಗ ಯಾವ ಮೈಲಿಗಿನೂ ಇಲ್ಲ."

ತಿಪ್ಪವ್ವ ಬೊಚ್ಚುಬಾಯಿ ತೆರೆದು ನಕ್ಕಳು. ಆ ನಗು ನಾಲ್ಕು ಕಡೆ ಹಬ್ಬಿತು, ಕೂಡಲೇ ಆರಿತು. ಮಧುಕರ್ ಹವಾಲ್ದಾರರ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಹವಾಲ್ದಾರರು ಚಹಾದ ಲೋಟ ಕೆಳಗಿಟ್ಟು ತಲೆಯಾಡಿಸಿದರು.

ಮಧುಕರ್ ಎದ್ದ. ಅವನ ಮುಖದಲ್ಲಿ ಈಗ ನಗುವಿತ್ತು. ಮನೆಯ ಮಾತು ಮನೆಯಲ್ಲೇ ಇರಲಿ ಎಂದ. ಮಾಂತುವಿನ ಮೇಲೆ ದೂರಿಲ್ಲ, ಮಹೇಶನ ಮೇಲೂ ಇಲ್ಲ. ಯಾರೋ ಅಪರಿಚಿತರು, ಎದುರು ಪಕ್ಷದವರು, ಎಂದು ಬರೆಸಿದರಾಯಿತು. ನಾಳೆ ಸಾಹೇಬರು ಅದನ್ನೇ ಹೇಳುತ್ತಾರೆ, ನೀವೂ ಅದನ್ನೇ ಹೇಳಿ.

ಅನುಸೂಯಾಳ ಎದೆ ಹಗುರಾಯಿತು. ತಮ್ಮ ಉಳಿದ. ಮಹೇಶನೂ ಉಳಿದ. ಆದರೂ ಅವಳಿಗೆ ತಲೆ ಎತ್ತಲಾಗಲಿಲ್ಲ. ಸುಳ್ಳೊಂದು ತಾಡಪತ್ರಿಯ ಮೇಲೆ ಎಲ್ಲರ ಜೊತೆ ಕೂತಂತಿತ್ತು. ಉಳಿದವರೂ ನೆಲ ನೋಡುತ್ತಿದ್ದರು.

"ಪೈಪು ಈಗ್ಲೇ ಜೋಡಸ್ತೀವಿ," ಎಂದ ಮಧುಕರ್. "ನಾಳೆ ಮುಂಜಾನೆ ನಾನ ಬಂದು ಕೀಲಿ ತಗೀತೀನಿ. ಎಲ್ಲಾ ಮೊದಲಿನಂಗ. ಅಂಜಬ್ಯಾಡ್ರಿ, ಟಾಕಿ ನಿಮ್ಮದ ಅದ."

ಗಂಡಸರು ಏಳಲು ಚಪ್ಪಲಿ ಹುಡುಕತೊಡಗಿದರು. ಅಷ್ಟರಲ್ಲಿ ಅನುಸೂಯಾಳ ಪಕ್ಕದಲ್ಲಿ ನೀತಾ ಎದ್ದುನಿಂತಳು. ಅನುಸೂಯಾ ರೂಢಿಯಂತೆ ಅವಳ ಕೈ ಹಿಡಿದಳು, ಎಳೆದು ಕೂಡಿಸಲು. ಆಮೇಲೆ ಕೈ ಬಿಟ್ಟಳು.

"ಕಾಕಾ," ಎಂದಳು ನೀತಾ. "ಟಾಕಿ ನಮ್ಮದಾದ್ರ ಚಾವಿ ಯಾಕ ನಿಮ್ಮ ಕಿಸೇದಾಗ ಅದ?"